ಕಲ್ಯಾಣದ ಬಯಲಿನಿಂದ ಕಾಣದ ಕ್ವೇಸಾರುಗಳವರೆಗೆ

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಾಡಿನ ಚರಿತ್ರೆ, ಏಕೀಕರಣ, ಕವಿಗಳು, ಶರಣರು ಇವರ ಮಾತು ಬರುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ಈ ಸಲ ಕಾರ್ಯಕಾರಿ ಸಮಿತಿಯವರು ನಮ್ಮನ್ನು ಕರೆದು, “ಎಂದಿನದನ್ನು ಬಿಟ್ಟು ಬೇರೇನಾದರೂ ಹೇಳಿ” ಎಂದರು. ನಾವು ಬಿ.ಕಾಂ. ಓದಿದವರು, ಬ್ಯಾಂಕೊಂದರಲ್ಲಿ ಗುಮಾಸ್ತಿಕೆ ಮಾಡಿಕೊಂಡಿರುವವರು. ಜಮಾ-ಖರ್ಚು ಬಿಟ್ಟರೆ ಮತ್ತೊಂದು ಶಾಸ್ತ್ರವನ್ನು ಕ್ರಮವಾಗಿ ಕಲಿತವರಲ್ಲ. ಹೀಗಿದ್ದೂ ಆಕಾಶದ ವಿಷಯವೊಂದನ್ನು ಎತ್ತಿಕೊಂಡಿದ್ದೇವೆ. ತಪ್ಪು ಕಂಡರೆ ಬಲ್ಲವರು ತಿದ್ದಬೇಕೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ.

ಈ ಸಾಹಸಕ್ಕೆ ಕಾರಣ ನಮ್ಮ ಮಗಳು. ಒಂದು ರಾತ್ರಿ ಊಟಕ್ಕೆ ಕುಳಿತಾಗ ಅವಳು, “ಅಪ್ಪಯ್ಯ, ಧೂಳಿನ ಹಿಂದೆ ಅಡಗಿರುವ ಕ್ವೇಸಾರ್ ಕಾಣುವುದೇ ಇಲ್ಲವಂತೆ. ಕಾಣದ್ದು ಇದೆ ಅಂತ ಗೊತ್ತಾಗುವುದು ಹೇಗೆ?” ಎಂದು ಕೇಳಿದಳು. ಉತ್ತರ ನಮಗೆ ಅರೆಬರೆಯಾಗಿ ತಿಳಿದಿತ್ತು. ಆದರೆ ಕನ್ನಡದಲ್ಲಿ ಹೇಳಹೊರಟರೆ ಮಾತು ಹೊರಡಲಿಲ್ಲ. ಎರಡು ವಾಕ್ಯ ಇಂಗ್ಲಿಷು, ಒಂದು ವಾಕ್ಯ ಮರಾಠಿ ಆಡಿ ನಿಂತುಬಿಟ್ಟೆವು. ಅವಳು ನಮ್ಮ ಮುಖ ನೋಡಿ, “ಇರಲಿ ಬಿಡಿ ಅಪ್ಪಯ್ಯ, ಟೀಚರನ್ನು ಕೇಳುತ್ತೇನೆ” ಎಂದಳು. ಆ “ಇರಲಿ ಬಿಡಿ” ನಮ್ಮನ್ನು ಬಹಳ ದಿನ ಕಾಡಿತು. ಇಂದಿನ ಈ ಭಾಷಣ ಅವಳಿಗೆ ಅಂದು ಕೊಡಲಾಗದ ಉತ್ತರವೆಂದು ತಾವು ತಿಳಿಯಬೇಕು.

ಮೊದಲು ನಮ್ಮ ನೆರೆಯ ಊರಿನಿಂದಲೇ ಆರಂಭಿಸೋಣ. ಕಲ್ಯಾಣ ಎಂದರೆ ನಮಗೆ ಜಂಕ್ಷನ್; ಗಾಡಿ ಬದಲಿಸುವ ಜಾಗ; ಊರಿಗೆ ಹೋಗುವಾಗ ಸಾಮಾನು ಎಣಿಸುವ ಜಾಗ. ಆದರೆ 1965ರಲ್ಲಿ ಈ ಕಲ್ಯಾಣದ ಬಳಿಯ ಬಯಲಿನಲ್ಲಿ ಆರಾರು ಅಡಿ ಅಗಲದ 32 ಲೋಹದ ತಟ್ಟೆಗಳು ಆಕಾಶಕ್ಕೆ ಮುಖವೆತ್ತಿ ನಿಂತಿದ್ದವು. ಪೂರ್ವ-ಪಶ್ಚಿಮವಾಗಿ 630 ಮೀಟರಿನ ಸಾಲಿನಲ್ಲಿ 24, ಉತ್ತರ-ದಕ್ಷಿಣವಾಗಿ 256 ಮೀಟರಿನ ಸಾಲಿನಲ್ಲಿ 8. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ರೇಡಿಯೋ ಖಗೋಳ ತಂಡ ಕಟ್ಟಿದ ಮೊದಲ ದೂರದರ್ಶಕ ಅದು. ಸೂರ್ಯನಿಂದ ಬರುವ ರೇಡಿಯೋ ಅಲೆಗಳನ್ನು ಅದು ಅಳೆಯುತ್ತಿತ್ತು.

ಆ ತಟ್ಟೆಗಳ ಕತೆಯೂ ನಮ್ಮಂಥ ವಲಸೆಗಾರರ ಕತೆಯೇ. ಅವು ಹುಟ್ಟಿದ್ದು ಆಸ್ಟ್ರೇಲಿಯಾದ ಸಿಡ್ನಿಯ ಬಳಿ. 1953ರಲ್ಲಿ ಗೋವಿಂದ ಸ್ವರೂಪ ಎಂಬ ತರುಣ ವಿಜ್ಞಾನಿ ತರಬೇತಿಗೆಂದು ಅಲ್ಲಿಗೆ ಹೋಗಿದ್ದರು. ಅಲ್ಲಿಯವರಿಗೆ ಬೇಡವಾಗಿದ್ದ ಆ ತಟ್ಟೆಗಳನ್ನು ಕಂಡು, ಇವನ್ನು ಭಾರತಕ್ಕೆ ಕೊಡಿರೆಂದು ಅವರು ಕೇಳಿದರು. ಅವರು ಕೊಡಲೊಪ್ಪಿದರು, ಹಡಗಿನ ಸಾಗಣೆಯ ವೆಚ್ಚ ಯಾರದೆಂಬ ಚರ್ಚೆಯಲ್ಲಿ ಕಾಲ ಕಳೆಯಿತು. ಕೊನೆಗೆ ತಟ್ಟೆಗಳು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವನ್ನು ಸೇರಿದವು. ಸ್ವರೂಪರು ಅಷ್ಟರಲ್ಲಿ ಅಮೆರಿಕಕ್ಕೆ ಹೋಗಿ ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದರು. ಹೋಮಿ ಭಾಭಾ ಅವರ ಕರೆಗೆ ಓಗೊಟ್ಟು 1963ರಲ್ಲಿ ಮುಂಬಯಿಗೆ ಬಂದಾಗ ಹಳೆಯ ತಟ್ಟೆಗಳನ್ನು ಮತ್ತೆ ಪಡೆದು ಕಲ್ಯಾಣಕ್ಕೆ ತಂದರು. ಒಬ್ಬರಿಗೆ ಹಳೆಯ ಸಾಮಾನು, ಇನ್ನೊಬ್ಬರಿಗೆ ಮನೆ ಕಟ್ಟುವ ಅಡಿಗಲ್ಲು!

ಕಲ್ಯಾಣದ ದೂರದರ್ಶಕ ಕೆಲವೇ ವರ್ಷ ಕೆಲಸ ಮಾಡಿತು. ಅಲ್ಲಿ ಕೈ ಪಳಗಿಸಿಕೊಂಡವರು ನೀಲಗಿರಿಗೆ ಹೋಗಿ, ಊಟಿಯ ಬಳಿ 530 ಮೀಟರ್ ಉದ್ದ, 30 ಮೀಟರ್ ಅಗಲದ ದೊಡ್ಡ ರೇಡಿಯೋ ದೂರದರ್ಶಕವನ್ನು 1970ರಲ್ಲಿ ಪೂರ್ತಿಗೊಳಿಸಿದರು. ಮುಂದೆ ಅವರೇ ಪುಣೆ ಜಿಲ್ಲೆಯ ನಾರಾಯಣಗಾಂವದ ಹತ್ತಿರ ಖೋಡದ ಎಂಬ ಹಳ್ಳಿಯನ್ನು ಆರಿಸಿಕೊಂಡರು. ಅಲ್ಲಿ ಒಂದೊಂದೂ 45 ಮೀಟರ್ ಅಗಲವಿರುವ 30 ತಟ್ಟೆಗಳು ಸುಮಾರು 25 ಕಿಲೋಮೀಟರ್ ವಿಸ್ತಾರದಲ್ಲಿ ಹರಡಿ ನಿಂತಿವೆ. ಇದೇ ಬೃಹತ್ ಮೀಟರ್‌ತರಂಗ ರೇಡಿಯೋ ದೂರದರ್ಶಕ. ಕಲ್ಯಾಣದಿಂದ ಮುರಬಾಡ ಮಾರ್ಗವಾಗಿ ಮಾಳಶೇಜ ಘಾಟು ಹತ್ತಿ ಹೋದರೆ ಅರ್ಧ ದಿನದೊಳಗೆ ಅಲ್ಲಿಗೆ ತಲಪಬಹುದು. ಮಳೆಗಾಲದಲ್ಲಿ ಜಲಪಾತ ನೋಡಲು ನಮ್ಮಲ್ಲಿ ಎಷ್ಟೋ ಜನ ಆ ಘಾಟಿನವರೆಗೆ ಹೋಗಿ ಹಿಂದಿರುಗಿದ್ದೇವೆ. ಘಾಟು ದಾಟಿ ಮುಂದೆ ಹೋದವರು ಎಷ್ಟು ಮಂದಿ?

ಇನ್ನು ಕ್ವೇಸಾರ್ ಎಂದರೇನೆಂಬುದನ್ನು ನೋಡೋಣ. 1962ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ಎಂಬಲ್ಲಿ ಸಿರಿಲ್ ಹಜಾರ್ಡ್ ಮೊದಲಾದವರು, ಪ್ರಬಲವಾಗಿ ರೇಡಿಯೋ ಅಲೆ ಹೊಮ್ಮಿಸುತ್ತಿದ್ದ 3ಸಿ 273 ಎಂಬ ಕಾಯಕ್ಕಾಗಿ ಹೊಂಚುಹಾಕಿದರು. ಚಂದ್ರನು ಅದರ ಮುಂದೆ ಹಾದುಹೋಗುವಾಗ ಅಲೆ ಯಾವ ಕ್ಷಣ ನಿಂತಿತು, ಯಾವ ಕ್ಷಣ ಮರಳಿತು ಎಂದು ಗುರುತಿಸಿ ಅದರ ಸ್ಥಾನವನ್ನು ಕರಾರುವಾಕ್ಕಾಗಿ ಕಂಡುಹಿಡಿದರು. ಮರೆಮಾಡಿದ ಚಂದ್ರನೇ ಗುರುತು ಹೇಳಿಕೊಟ್ಟ! ಈ ವರದಿಯನ್ನೋದಿಯೇ ಸ್ವರೂಪರಿಗೆ ಊಟಿಯ ದೂರದರ್ಶಕದ ಯೋಚನೆ ಹೊಳೆದದ್ದು. 1963ರಲ್ಲಿ ಮಾರ್ಟೆನ್ ಶ್ಮಿಟ್ ಎಂಬವರು ಅದೇ ಸ್ಥಾನದಲ್ಲಿದ್ದ ನಕ್ಷತ್ರದಂಥ ಚುಕ್ಕೆಯ ಬೆಳಕನ್ನು ಬಿಡಿಸಿ ನೋಡಿದಾಗ, ಅದು ನಮ್ಮ ನೆರೆಯ ನಕ್ಷತ್ರವಲ್ಲ, ಸುಮಾರು 200 ಕೋಟಿ ಜ್ಯೋತಿರ್ವರ್ಷ ದೂರದ್ದು ಎಂದು ತಿಳಿದುಬಂತು. ಅಷ್ಟು ದೂರದಿಂದಲೂ ಕಾಣುವಷ್ಟು ಬೆಳಗುವುದಾದರೆ ಅದರ ಒಲೆಯ ಉರಿ ಎಂಥದಿರಬೇಕು!

ಆ ಒಲೆಯ ನಡುವೆ ಇರುವುದು ಕಪ್ಪುಕುಳಿ. ಕೋಟಿ ಕೋಟಿ ಸೂರ್ಯರ ತೂಕ ಅದಕ್ಕೆ. ಅದರೊಳಕ್ಕೆ ಬೀಳುವ ಅನಿಲ ಸುಳಿಸುಳಿಯಾಗಿ ಸುತ್ತುತ್ತ, ಒಂದಕ್ಕೊಂದು ಉಜ್ಜಿ ಕಾದು ಬೆಳಗುತ್ತದೆ. ಕಪ್ಪುಕುಳಿ ತಾನು ಬೆಳಗುವುದಿಲ್ಲ. ಅದಕ್ಕೆ ಆಹುತಿಯಾಗುವುದು ಬೆಳಗುತ್ತದೆ. ಒಂದು ಗೆಲಾಕ್ಸಿಯ ನಟ್ಟನಡುವಿನ ಈ ಬೆಳಕು ಆ ಗೆಲಾಕ್ಸಿಯ ನಕ್ಷತ್ರಗಳೆಲ್ಲವನ್ನೂ ಮಂಕಾಗಿಸಬಲ್ಲದು.

ಇಷ್ಟು ಉರಿ ಇದ್ದರೂ ಎಷ್ಟೋ ಕ್ವೇಸಾರುಗಳು ಸಾಮಾನ್ಯ ದೂರದರ್ಶಕಕ್ಕೆ ಕಾಣುವುದಿಲ್ಲ. ಕಾರಣ ಎರಡು. ಕಪ್ಪುಕುಳಿಯ ಸುತ್ತ ಧೂಳು, ಅನಿಲಗಳ ದಪ್ಪ ಸಿಂಬಿಯೊಂದಿರುತ್ತದೆ. ಕೊಡ ಹೊರುವ ಹೆಂಗಸರು ತಲೆಯ ಮೇಲಿಟ್ಟುಕೊಳ್ಳುತ್ತಿದ್ದ ಸಿಂಬಿಯನ್ನು ನೆನೆಯಿರಿ. ಮೇಲಿನಿಂದ ನೋಡಿದರೆ ನಡುವಿನ ಬೆಳಕು ಕಾಣುತ್ತದೆ. ಪಕ್ಕದಿಂದ ನೋಡಿದರೆ ಸಿಂಬಿ ಅಡ್ಡ ಬರುತ್ತದೆ. ಎರಡನೆಯದು, ವಿಶ್ವದ ಎಳೆಯ ವಯಸ್ಸಿನಲ್ಲಿ ಗೆಲಾಕ್ಸಿಗಳು ಒಂದನ್ನೊಂದು ಡಿಕ್ಕಿ ಹೊಡೆದು ಕೂಡಿಕೊಳ್ಳುವುದು ಹೆಚ್ಚಾಗಿತ್ತು. ಆಗ ಅನಿಲ, ಧೂಳುಗಳು ರಾಶಿರಾಶಿಯಾಗಿ ನಡುವಿಗೆ ನುಗ್ಗುತ್ತವೆ. ಕಪ್ಪುಕುಳಿ ಹೊಟ್ಟೆಬಿರಿಯ ಉಂಡು ಬೆಳೆಯುವ ಕಾಲವೂ ಅದೇ, ನಾಲ್ಕೂ ಕಡೆ ಮುಸುಕು ಬೀಳುವ ಕಾಲವೂ ಅದೇ. ಹೀಗೆ ಅದರ ಬಾಲ್ಯದ ಮುಖ್ಯ ಅಧ್ಯಾಯವೇ ನಮ್ಮ ಕಣ್ಣಿಗೆ ಮರೆಯಾಗಿರುತ್ತದೆ. ವಿಜ್ಞಾನಿಗಳು ಈ ಮುಸುಕಿನ ಬೆನ್ನು ಹತ್ತಿರುವುದು ಬರಿಯ ಕುತೂಹಲಕ್ಕಲ್ಲ; ಗೆಲಾಕ್ಸಿಗಳೂ ಅವುಗಳ ನಡುವಿನ ಕಪ್ಪುಕುಳಿಗಳೂ ಹೇಗೆ ಜತೆಜತೆಯಾಗಿ ಬೆಳೆದವೆಂಬ ಲೆಕ್ಕ ಅದರ ಹಿಂದಿದೆ.

ಮರೆಯಲ್ಲಿರುವುದನ್ನು ತಿಳಿಯುವುದು ಹೇಗೆ? ಇದಕ್ಕೆ ಆಕಾಶಕ್ಕೆ ಹೋಗಬೇಕಾಗಿಲ್ಲ. ಅಡಿಗೆಮನೆಯ ಮಾತೇ ಸಾಕು. ಒಲೆಯಿಂದ ಈಗತಾನೆ ಇಳಿಸಿದ ಮುಚ್ಚಿದ ಪಾತ್ರೆಯೊಳಗಿನ ಸಾರು ಕಣ್ಣಿಗೆ ಕಾಣದು; ಆದರೆ ಕೈ ಹತ್ತಿರ ತಂದರೆ ಬಿಸಿ ತಾಕುತ್ತದೆ. ಧೂಳೂ ಹಾಗೆಯೇ. ಒಳಗಿನ ಬೆಳಕನ್ನೆಲ್ಲ ನುಂಗಿ ತಾನು ಕಾಯುತ್ತದೆ; ಕಾದ ಧೂಳು ಅವಕೆಂಪು ಕಿರಣಗಳನ್ನು ಸೂಸುತ್ತದೆ. ಕೆಂಪಿಗಿಂತ ಕೆಳಗಿನ ಈ ಕಿರಣಗಳು ಕಣ್ಣಿಗೆ ಕಾಣವು, ಬಿಸಿಯಾಗಿ ತಿಳಿಯುತ್ತವೆ. ಇದು ಮೊದಲನೆಯ ಕಿಟಕಿ.

ಎರಡನೆಯದು ರೇಡಿಯೋ. ಶ್ರಾವಣದ ಮಳೆಯಲ್ಲಿ ಡೊಂಬಿವಲಿಯ ಪ್ಲಾಟ್‌ಫಾರ್ಮಿನ ಮೇಲೆ ನಿಂತಾಗ ಬರುವ ಗಾಡಿಯ ದೀಪ ಕಾಣಿಸದು. ಹಾರನ್ ಮಾತ್ರ ಕೇಳಿಸುತ್ತದೆ, ನಾವು ಚೀಲ ಎದೆಗವಚಿಕೊಂಡು ಸಿದ್ಧರಾಗುತ್ತೇವೆ. ರೇಡಿಯೋ ಅಲೆ ಆ ಹಾರನ್ನಿನಂತೆ. ಖೋಡದದವರು ಹಿಡಿಯುವ ಅಲೆಗಳಲ್ಲಿ ಕೆಲವು 2 ಮೀಟರ್ ಉದ್ದದವು. ಆಕಾಶದ ಧೂಳಿನ ಕಣವಾದರೋ ಹೊಗೆಯ ಕಣದಷ್ಟು ಸಣ್ಣದು. ಮಲ್ಪೆಯ ಕಡಲಿನ ದೊಡ್ಡ ತೆರೆಯನ್ನು ದಂಡೆಯ ಮರಳಿನ ಕಾಳು ತಡೆದೀತೆ? ಆದರೆ ಒಂದು ತೊಡಕುಂಟು. ಕ್ವೇಸಾರುಗಳಲ್ಲಿ ಸುಮಾರು ಹತ್ತಕ್ಕೆ ಒಂದು ಮಾತ್ರ ರೇಡಿಯೋದಲ್ಲಿ ಗಟ್ಟಿಯಾಗಿ ಕೂಗುತ್ತದೆ. ಉಳಿದವು ಮೆತ್ತಗೆ ಮಾತಾಡುವ ಜನ.

ಮೂರನೆಯದು ಕ್ಷ-ಕಿರಣ. ಆಸ್ಪತ್ರೆಯಲ್ಲಿ ಮಾಂಸವನ್ನು ದಾಟಿ ಎಲುಬನ್ನು ತೋರಿಸುವ ಆ ಕಿರಣವೇ ಕಪ್ಪುಕುಳಿಯ ಅತ್ಯಂತ ಸಮೀಪದಿಂದ ಹೊರಟು ಮುಸುಕನ್ನು ತೂರಿಕೊಂಡು ಬರುತ್ತದೆ. ಅದರಲ್ಲೂ ತ್ರಾಣ ಕಡಿಮೆಯಾದವು ನಡುದಾರಿಯಲ್ಲೇ ಸೋತುಹೋಗುತ್ತವೆ; ಗಟ್ಟಿಯಾದವು ಮಾತ್ರ ಪಾರಾಗುತ್ತವೆ. ಆದ್ದರಿಂದ ಒಂದು ಕಾಯದಿಂದ ಮೆತ್ತನೆಯ ಕ್ಷ-ಕಿರಣ ಬಾರದೆ ಗಟ್ಟಿಯಾದವು ಮಾತ್ರ ಬಂದರೆ, ನಡುವೆ ಮುಸುಕಿದೆ ಎಂದು ಅರ್ಥ. ಮುಸುಕು ಮಿತಿಮೀರಿ ದಪ್ಪವಾದರೆ ಗಟ್ಟಿ ಕಿರಣಗಳೂ ಬಹುಮಟ್ಟಿಗೆ ನಿಂತುಹೋಗುತ್ತವೆ. ಭೂಮಿಯ ವಾಯುಮಂಡಲ ಕ್ಷ-ಕಿರಣಗಳನ್ನು ಕೆಳಕ್ಕೆ ಬಿಡದು. ಆದುದರಿಂದ ಈ ಕಿಟಕಿಯನ್ನು ಉಪಗ್ರಹದ ಮೇಲೆಯೇ ತೆರೆಯಬೇಕು.

ಇಲ್ಲಿ ಗುಮಾಸ್ತರಾದ ನಮಗೆ ಬಹಳ ಮೆಚ್ಚುಗೆಯಾದ ಸಂಗತಿಯೊಂದಿದೆ. 1962ರಲ್ಲಿ ರಿಕಾರ್ಡೊ ಜಿಯಾಕೋನಿ ಮತ್ತು ಅವರ ಸಂಗಡಿಗರು ರಾಕೆಟ್ಟಿನಲ್ಲಿ ಉಪಕರಣವಿಟ್ಟು ಹಾರಿಸಿದಾಗ, ಆಕಾಶದ ಎಲ್ಲ ಕಡೆಯಿಂದಲೂ ಕ್ಷ-ಕಿರಣದ ಮಂದವಾದ ಹೊಳಪು ಬರುತ್ತಿರುವುದು ಗೊತ್ತಾಯಿತು. ಇದು ಯಾರ ಹೊಳಪು? ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪುಟದ ಕೆಳಗೆ ಮೊತ್ತ ಬರೆದಿದೆ. ಮೇಲಿನ ಬಾಬುಗಳು ಅಳಿಸಿಹೋಗಿವೆ. 1999ರಲ್ಲಿ ಮೇಲೇರಿದ ಚಂದ್ರಾ ಉಪಗ್ರಹ ಆ ಹೊಳಪಿನ ಬಹುಭಾಗವನ್ನು ಬಿಡಿಬಿಡಿ ಚುಕ್ಕೆಗಳಾಗಿ ಬಿಡಿಸಿತು. ಅವುಗಳಲ್ಲಿ ಬಹುಪಾಲು ಉಣ್ಣುತ್ತಿರುವ ಕಪ್ಪುಕುಳಿಗಳೇ. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರರ ಹೆಸರನ್ನೇ ಆ ಉಪಗ್ರಹಕ್ಕೆ ಇಟ್ಟದ್ದು. ಆದರೂ ಹೆಚ್ಚು ಗಟ್ಟಿಯಾದ ಕಿರಣಗಳ ಲೆಕ್ಕ ಪೂರ್ತಿ ತಾಳೆಯಾಗಲಿಲ್ಲ. ಕಂಡ ಕ್ವೇಸಾರುಗಳನ್ನೆಲ್ಲ ಕೂಡಿಸಿದರೂ ಮೊತ್ತಕ್ಕೆ ಸಾಲದು. ಹಾಗಾದರೆ ದಪ್ಪ ಮುಸುಕಿನ ಒಳಗೆ ಇನ್ನೂ ಬಹಳ ಮಂದಿ ಇರಲೇಬೇಕು. ಅಂಥವನ್ನು ಹುಡುಕಲೆಂದೇ 2012ರಲ್ಲಿ ನೂಸ್ಟಾರ್ ಎಂಬ ಉಪಗ್ರಹ ಹೋಯಿತು. ಲೆಕ್ಕ ತಾಳೆಯಾಗದಿರುವುದೂ ಒಂದು ಸಾಕ್ಷಿ ಎಂಬುದನ್ನು ಬ್ಯಾಂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ರೂಪಾಯಿ ವ್ಯತ್ಯಾಸಕ್ಕಾಗಿ ನಾವು ರಾತ್ರಿ ಒಂಬತ್ತರವರೆಗೆ ಕುಳಿತದ್ದುಂಟು.

ಒಂದೊಂದು ಕಿಟಕಿಯಿಂದ ಕಂಡದ್ದನ್ನು ಒಂದೊಂದು ಉದಾಹರಣೆಯಿಂದ ಹೇಳುತ್ತೇವೆ.

ವೈಸ್ ಎಂಬ ಅವಕೆಂಪು ಉಪಗ್ರಹ 2010ರಲ್ಲಿ ಇಡೀ ಆಕಾಶವನ್ನು ಜಾಲಾಡಿತು. ಅದರ ಪಟ್ಟಿಯಲ್ಲಿ, ಸಾಮಾನ್ಯ ಬೆಳಕಿನಲ್ಲಿ ತೀರ ಮಂಕಾಗಿಯೂ ಅವಕೆಂಪಿನಲ್ಲಿ ಬಹು ಪ್ರಬಲವಾಗಿಯೂ ಇರುವ ಕೆಲವು ಗೆಲಾಕ್ಸಿಗಳು ಸಿಕ್ಕವು. ಅವುಗಳಲ್ಲೊಂದು 300 ಲಕ್ಷ ಕೋಟಿ ಸೂರ್ಯರಿಗಿಂತ ಹೆಚ್ಚು ಬೆಳಗುತ್ತಿದೆಯೆಂದು 2015ರಲ್ಲಿ ಪ್ರಕಟವಾಯಿತು. ಅಂದಿಗೆ ತಿಳಿದಿದ್ದ ಗೆಲಾಕ್ಸಿಗಳಲ್ಲೆಲ್ಲ ಅತ್ಯಂತ ಪ್ರಕಾಶವುಳ್ಳದ್ದು ಅದು. ಅದರ ಬೆಳಕು ಹೊರಟು ಸುಮಾರು 1250 ಕೋಟಿ ವರ್ಷಗಳಾದವು. ಅದು ಸುತ್ತಲಿನ ಮೂರು ಸಣ್ಣ ಗೆಲಾಕ್ಸಿಗಳನ್ನು ತನ್ನೊಳಗೆ ಸೆಳೆದುಕೊಳ್ಳುತ್ತಿದೆಯೆಂದು ಚಿಲಿ ದೇಶದ ಆಲ್ಮಾ ದೂರದರ್ಶಕ 2018ರಲ್ಲಿ ತೋರಿಸಿತು. ಲೋಕದ ಅತಿ ದೊಡ್ಡ ದೀಪಗಳಲ್ಲೊಂದು ಮುಸುಕಿನೊಳಗೆ ಕುಳಿತಿತ್ತೆಂಬುದನ್ನು ಗಮನಿಸಬೇಕು.

ಇನ್ನು ನಮ್ಮ ಖೋಡದದ ಮಾತು. 2010ರಿಂದ 2012ರವರೆಗೆ ಅಲ್ಲಿಂದ 150 ಮೆಗಾಹರ್ಟ್ಸಿನಲ್ಲಿ ಆಕಾಶದ ಬಹುಭಾಗದ ಸಮೀಕ್ಷೆ ನಡೆಯಿತು. ಆ ದತ್ತಾಂಶದಿಂದ 2017ರಲ್ಲಿ ಪ್ರಕಟವಾದ ಪಟ್ಟಿಯಲ್ಲಿ ಆರು ಲಕ್ಷಕ್ಕೂ ಮೀರಿದ ರೇಡಿಯೋ ಮೂಲಗಳಿವೆ. ಆರು ಲಕ್ಷ ಖಾತೆಗಳಲ್ಲಿ ದೂರದ್ದು ಯಾವುದೆಂದು ಆರಿಸುವ ಬಗೆ ಹೇಗೆ? ಉದ್ದನೆಯ ಅಲೆಯಲ್ಲಿ ಗಟ್ಟಿಯಾಗಿದ್ದು, ಅಲೆ ಗಿಡ್ಡವಾದಂತೆ ಬೇಗಬೇಗನೆ ಕುಗ್ಗುವ ಮೂಲಗಳು ಬಹುದೂರದವಾಗಿರುವ ಸಂಭವ ಹೆಚ್ಚು. ಹೀಗೆ ಆರಿಸಿದ್ದರಲ್ಲಿ ಒಂದನ್ನು ಆಯುಷ್ ಸಕ್ಸೇನಾ ಎಂಬ ತರುಣ ಸಂಶೋಧಕರು ಮತ್ತು ಅವರ ತಂಡದವರು ಹಿಂಬಾಲಿಸಿದರು. ಅಮೆರಿಕದ ರೇಡಿಯೋ ದೂರದರ್ಶಕ ಅದರ ಸ್ಥಾನವನ್ನು ಕರಾರುವಾಕ್ಕಾಗಿ ಹೇಳಿತು. ಹವಾಯಿ ದ್ವೀಪದ ಜೆಮಿನಿ ದೂರದರ್ಶಕ ಅದರ ಬೆಳಕನ್ನು ಬಿಡಿಸಿತು. ಅರಿಜೋನಾದ ಜೋಡಿಗಣ್ಣಿನ ದೂರದರ್ಶಕ ಅವಕೆಂಪಿನಲ್ಲಿ ನೋಡಿತು. ಅಂದಿನ ಅಳತೆಯ ಪ್ರಕಾರ ಅದು ಆವರೆಗೆ ತಿಳಿದ ರೇಡಿಯೋ ಗೆಲಾಕ್ಸಿಗಳಲ್ಲೆಲ್ಲ ದೂರದ್ದೆಂದು 2018ರಲ್ಲಿ ಪ್ರಕಟಿಸಿದರು. ಅದರ ಅಲೆ ಹೊರಟು 1200 ಕೋಟಿ ವರ್ಷಗಳಿಗೂ ಮೇಲಾಯಿತು. ರೇಡಿಯೋ ಗೆಲಾಕ್ಸಿ ಎಂದರೆ ಬೇರೆ ಜಾತಿಯಲ್ಲ. ಪಕ್ಕದಿಂದ ನೋಡಿದ್ದರಿಂದ ಸಿಂಬಿಯ ಮರೆಗೆ ಬಿದ್ದ ಕ್ವೇಸಾರೇ ಅದೆಂದು ಬಲ್ಲವರ ಅಭಿಪ್ರಾಯ. ಮಾಳಶೇಜ ಘಾಟಿನ ಆಚೆಯ ಹಳ್ಳಿ, ಅಮೆರಿಕದ ಮರುಭೂಮಿ, ಹವಾಯಿಯ ಬೆಟ್ಟ, ಎಲ್ಲವೂ ಸೇರಿ ಒಂದೇ ಖಾತೆಯನ್ನು ತಾಳೆ ನೋಡಿದಂತಾಯಿತು.

ಮೂರನೆಯ ಉದಾಹರಣೆ ಸೋಲಿನದು. ಅದನ್ನು ಬೇಕೆಂದೇ ಹೇಳುತ್ತೇವೆ. ವಿಶ್ವ ಹುಟ್ಟಿ 85 ಕೋಟಿ ವರ್ಷವಾದಾಗಿನ ಒಂದು ಕ್ವೇಸಾರನ್ನು ಚಂದ್ರಾ ಉಪಗ್ರಹ ಸುಮಾರು 16 ಗಂಟೆ ಹೊತ್ತು ನೋಡಿತು. ಬಂದದ್ದು ಮೂರೇ ಮೂರು ಕ್ಷ-ಕಿರಣದ ಕಣಗಳು, ಮೂರೂ ಗಟ್ಟಿಯಾದವು. ಹಾಗಾದರೆ ಇಲ್ಲಿ ದಪ್ಪ ಮುಸುಕಿನ ಕಪ್ಪುಕುಳಿ ಇರಬಹುದು, ತಿಳಿದವುಗಳಲ್ಲೆಲ್ಲ ಇದೇ ದೂರದ್ದಾದೀತು ಎಂದು 2019ರಲ್ಲಿ ಸುದ್ದಿಯಾಯಿತು. ಅದೇ ತಂಡದವರು ತೃಪ್ತರಾಗದೆ ಮತ್ತೆ ಹೆಚ್ಚು ಹೊತ್ತು ನೋಡಿದರು. ಏನೂ ಬರಲಿಲ್ಲ. ಮೊದಲಿನ ಮೂರು ಕಣಗಳು ಹಿನ್ನೆಲೆಯ ಆಕಸ್ಮಿಕವಾಗಿದ್ದಿರಬೇಕೆಂದು 2021ರಲ್ಲಿ ತಾವೇ ಬರೆದು ಪ್ರಕಟಿಸಿದರು. ತಾವೇ ಜಮಾ ಹಾಕಿದ ಬಾಬನ್ನು ತಾವೇ ಕೆಂಪು ಶಾಯಿಯಿಂದ ಹೊಡೆದುಹಾಕುವ ಈ ಪ್ರಾಮಾಣಿಕತೆ ನಮಗೆ ಆ 300 ಲಕ್ಷ ಕೋಟಿ ಸೂರ್ಯರ ಬೆಳಕಿಗಿಂತ ಕಡಿಮೆಯದೆಂದು ತೋರುವುದಿಲ್ಲ. ಕಾಣದ್ದನ್ನು ಇಲ್ಲವೆಂದು ತಳ್ಳಿಹಾಕುವುದು ಒಂದು ತಪ್ಪು. ಬೇಕೆಂಬ ಆಸೆಯಿಂದ ಇದೆಯೆಂದು ಬರೆದುಕೊಳ್ಳುವುದು ಮತ್ತೊಂದು ತಪ್ಪು. ಎರಡಕ್ಕೂ ಮದ್ದು ಒಂದೇ: ಇನ್ನೊಂದು ಪುಸ್ತಕ ತೆಗೆದು ನೋಡುವುದು.

ಈ ಮಾತನ್ನು ನಾವು ಕಲಿತದ್ದು ನಮ್ಮ ಮೇಜಿನ ಮುಂದೆಯೇ, ತಲೆತಗ್ಗಿಸಿ. ನವೆಂಬರ್ ತಿಂಗಳು ನಮಗೆಲ್ಲ ರಾಜ್ಯೋತ್ಸವದ ತಿಂಗಳಾದರೆ, ಪಿಂಚಣಿದಾರರಿಗೆ ತಾವು ಬದುಕಿದ್ದೇವೆಂದು ಪ್ರಮಾಣಪತ್ರ ಕೊಡುವ ತಿಂಗಳು. ಕೆಲವು ವರ್ಷಗಳ ಹಿಂದೆ ರೈಲ್ವೆಯಿಂದ ನಿವೃತ್ತರಾದ ಹಿರಿಯರೊಬ್ಬರು ಆ ತಿಂಗಳು ಬರಲಿಲ್ಲ. ನಾವು ಪಟ್ಟಿ ನೋಡಿದೆವು, ಹೆಸರಿನ ಮುಂದೆ ಗುರುತಿಲ್ಲ; ನಿಯಮದಂತೆ ಪಿಂಚಣಿ ನಿಂತಿತು. ನಿಯಮಕ್ಕೆ ನಾವು ಹೊಣೆಯಲ್ಲ. ಆದರೆ ಮನಸ್ಸಿನಲ್ಲಿ “ಪಾಪ, ಹೋಗಿಬಿಟ್ಟಿರಬೇಕು” ಎಂದು ಅಂದುಕೊಂಡು ಪುಟ ಮಗುಚಿದೆವಲ್ಲ, ಅದಕ್ಕೆ ನಾವೇ ಹೊಣೆ. ಜನವರಿಯಲ್ಲಿ ಮಗನ ಹೆಗಲು ಹಿಡಿದು ಅವರು ಬಂದರು. ಜಾರಿ ಬಿದ್ದು ತೊಡೆಯ ಎಲುಬು ಮುರಿದಿತ್ತು. “ಏನ್ ತಮ್ಮಾ, ನನ್ನ ಸಾಯಿಸೇ ಬಿಟ್ಟಿದ್ರೇನು? ನಾ ಇಲ್ಲೇ ಇದ್ದೆನಲ್ಲೋ, ಡೊಂಬಿವಲಿಯೊಳಗ. ನೀವು ನೋಡಲಿಲ್ಲ, ಅಷ್ಟ” ಎಂದರು. ಆ ಮೇಲೆ ಹುಡುಕಿದರೆ, ಅವರ ಸೊಸೆ ಬರೆದ ಪತ್ರ ಟಪಾಲಿನ ಫೈಲಿನಲ್ಲಿತ್ತು. ಪ್ರತಿ ತಿಂಗಳೂ ಔಷಧದಂಗಡಿಗೆ ಅದೇ ಖಾತೆಯಿಂದ ಹಣ ಹೋಗಿತ್ತು. ಮಗನ ಫೋನ್ ಸಂಖ್ಯೆ ಇನ್ನೊಂದು ಅರ್ಜಿಯಲ್ಲಿತ್ತು. ಬದುಕಿರುವ ಮನುಷ್ಯನ ಗುರುತು ಮೂರು ಕಡೆ ಇತ್ತು. ನಾವು ನೋಡಿದ್ದು ಒಂದೇ ಕಡೆ. ಅಷ್ಟರಲ್ಲಿ ಅವರ ಮನೆಯವರು ಸಾಲ ಮಾಡಿ ಔಷಧ ತಂದಿದ್ದರು.

“ಹಿರಿಯರೇ, ನಮ್ಮಿಂದ ತಪ್ಪಾಯಿತು” ಎಂದು ಕೈಮುಗಿದೆವು. ಅವರು ಸಿಟ್ಟು ಮಾಡಲಿಲ್ಲ. ಕಾಗದಪತ್ರ ಸರಿಯಾಗುವವರೆಗೆ ಕುಳಿತು ಹಳೆಯದನ್ನೆಲ್ಲ ಮಾತಾಡಿದರು. ಧಾರವಾಡದ ಕಡೆಯಿಂದ ಹುಡುಗನಾಗಿ ಬಂದು ಕಲ್ಯಾಣದಲ್ಲಿ ಖಲಾಸಿಯಾಗಿ ಸೇರಿದ ಕತೆ ಹೇಳುತ್ತ, “ಆವಾಗ ಅಲ್ಲೆ ಬಯಲಾಗ ಸಾಲಾಗಿ ದೊಡ್ಡ ದೊಡ್ಡ ತಾಟು ಇಟ್ಟಿದ್ರು ನೋಡು. ಊಟಕ್ಕೇನೋ ಅಂತ ನಾವು ನಗತಿದ್ವಿ. ಕೇಳಿದ್ರ, ಸೂರ್ಯನ ಸಪ್ಪಳ ಕೇಳತೀವಿ ಅಂದ್ರು” ಎಂದರು. ಮುದುಕರ ಮಾತೆಂದು ನಾವು ಅರ್ಧ ನಂಬಿದೆವು, ಅರ್ಧ ಬಿಟ್ಟೆವು. ಆಮೇಲೆ ಓದಿ ನೋಡಿದರೆ ಅಕ್ಷರಶಃ ನಿಜ. ಕಲ್ಯಾಣದ ಆ ದೂರದರ್ಶಕದ ಸುದ್ದಿ ನಮಗೆ ಮೊದಲು ತಿಳಿದದ್ದು ಹೀಗೆ. ನಾವು ಪಟ್ಟಿಯಿಂದ ಬಿಟ್ಟಿದ್ದ ಮನುಷ್ಯನ ಬಾಯಿಂದ.

ಸೋದರ ಸೋದರಿಯರೇ, ಇದಕ್ಕೂ ರಾಜ್ಯೋತ್ಸವಕ್ಕೂ ಏನು ಸಂಬಂಧವೆಂದು ತಾವು ಕೇಳಬಹುದು. ನಮ್ಮ ಮಗಳ “ಇರಲಿ ಬಿಡಿ” ಎಂಬ ಮಾತಿಗೆ ಈಗ ಹಿಂದಿರುಗುತ್ತೇವೆ. ಕನ್ನಡದಲ್ಲಿ ಇಂಥ ಮಾತು ಹೇಳಲು ಬರುವುದಿಲ್ಲವೆಂದು ಅವಳು ಒಂದೇ ಪುಸ್ತಕ ನೋಡಿ ತೀರ್ಮಾನಿಸಿಬಿಟ್ಟಳು. ಆ ಪುಸ್ತಕ ನಾವು. ಆದರೆ ನಿಜಸ್ಥಿತಿ ಹಾಗಿಲ್ಲ. 1918ರಷ್ಟು ಹಿಂದೆಯೇ ಬೆಳ್ಳಾವೆ ವೆಂಕಟನಾರಣಪ್ಪನವರು “ವಿಜ್ಞಾನ” ಎಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದ್ದರು. ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಆರ್.ಎಲ್. ನರಸಿಂಹಯ್ಯನವರು ನಕ್ಷತ್ರಗಳನ್ನು ತಿಳಿಗನ್ನಡದಲ್ಲಿ ಪರಿಚಯ ಮಾಡಿಕೊಟ್ಟರು. ಜಿ.ಟಿ. ನಾರಾಯಣರಾಯರು ಜೀವಮಾನವಿಡೀ ಖಗೋಳವನ್ನು ಕನ್ನಡಿಗರ ಮನೆಬಾಗಿಲಿಗೆ ತಂದರು. ಕೆಲಸದಲ್ಲಿಯೂ ನಮ್ಮವರು ಹಿಂದೆ ಬಿದ್ದವರಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾಯರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ 1975ರಲ್ಲಿ ಮೇಲೇರಿತು. ಅದರಲ್ಲಿ ಕ್ಷ-ಕಿರಣ ಖಗೋಳದ ಉಪಕರಣವೂ ಇತ್ತು. ಬೆಂಗಳೂರಿನವರೇ ಆದ ಸಿ.ವಿ. ವಿಶ್ವೇಶ್ವರ ಅವರು ಕಪ್ಪುಕುಳಿಯನ್ನು ಕದಲಿಸಿದರೆ ಅದು ಗಂಟೆಯಂತೆ ಮಿಡಿದು ಶಾಂತವಾಗುತ್ತದೆಂದು 1970ರಲ್ಲೇ ಲೆಕ್ಕ ಹಾಕಿ ತೋರಿಸಿದರು. 2015ರ ಸೆಪ್ಟೆಂಬರ್ 28ರಂದು ಹಾರಿದ ಆಸ್ಟ್ರೋಸ್ಯಾಟ್ ಉಪಗ್ರಹವಂತೂ ಒಂದೇ ಕಾಯವನ್ನು ಬೇರೆ ಬೇರೆ ಕಿಟಕಿಗಳಿಂದ ಏಕಕಾಲಕ್ಕೆ ನೋಡಲೆಂದೇ ಕಟ್ಟಿದ್ದು.

ಇವೆಲ್ಲ ನಮ್ಮ ಖಾತೆಯಲ್ಲಿಯೇ ಇರುವ ಜಮಾ. ಪುಟ ತೆರೆಯದಿದ್ದುದು ನಮ್ಮ ತಪ್ಪು. ನಮ್ಮ ತಂದೆಯವರ ಪೀಳಿಗೆ ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡದಲ್ಲಿ ಗಣಿತ, ವಿಜ್ಞಾನ ಕಲಿಯಿತು. ಅವರಿಗೆ ಕನ್ನಡ ತಿಳಿವಳಿಕೆಯ ಭಾಷೆ. ನಮ್ಮ ಮನೆಗಳಲ್ಲಿ ಅದೀಗ “ಊಟಕ್ಕೆ ಬಾ, ಬಾಗಿಲು ಹಾಕು” ಎಂಬಷ್ಟಕ್ಕೆ ಇಳಿಯುತ್ತಿದೆ. ಮಕ್ಕಳು ಮರಾಠಿ, ಇಂಗ್ಲಿಷು ಕಲಿಯಲಿ. ಅನ್ನ ಕೊಟ್ಟ ನಾಡಿನ ಭಾಷೆಯನ್ನು ಕಲಿಯುವುದು ಧರ್ಮವೂ ಹೌದು. ನಮ್ಮ ಕೋರಿಕೆ ಇಷ್ಟೇ: ಮಗು ದೊಡ್ಡ ಪ್ರಶ್ನೆ ಕೇಳಿದಾಗ ಕನ್ನಡ ಬಾಗಿಲಾಚೆ ನಿಲ್ಲಬಾರದು.

ಆದುದರಿಂದ ಸಂಘಕ್ಕೆ ಎರಡು ಸಣ್ಣ ಸಲಹೆಗಳನ್ನು ಸಲ್ಲಿಸುತ್ತೇವೆ. ತಿಂಗಳಿಗೊಂದು ಸಂಜೆ ಮಕ್ಕಳ ಪ್ರಶ್ನೆಗಳಿಗೆಂದೇ ಮೀಸಲಿಡಬೇಕು. ಉತ್ತರ ಹೇಳುವವರು ಪಂಡಿತರೇ ಆಗಬೇಕಾಗಿಲ್ಲ, ಓದಿಕೊಂಡು ಬಂದರೆ ಸಾಕು. ಪದ ಸಿಗದಿದ್ದರೆ ಕ್ವೇಸಾರನ್ನು ಕ್ವೇಸಾರೆಂದೇ ಕರೆಯೋಣ, ವಾಕ್ಯ ಮಾತ್ರ ಕನ್ನಡದ್ದಾಗಿರಲಿ. ಎರಡನೆಯದು, ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದ ಸುಮಾರಿಗೆ ಖೋಡದದಲ್ಲಿ ಸಾರ್ವಜನಿಕರಿಗಾಗಿ ವಿಜ್ಞಾನ ಪ್ರದರ್ಶನ ನಡೆಸುವ ರೂಢಿಯಿದೆ. ಮೊದಲೇ ವಿಚಾರಿಸಿಕೊಂಡು ಒಂದು ಬಸ್ಸು ಮಾಡಿ ಮಕ್ಕಳನ್ನು ಕರೆದೊಯ್ಯೋಣ. ಬುತ್ತಿಯ ಜವಾಬ್ದಾರಿಯನ್ನು ಮಹಿಳಾ ವಿಭಾಗಕ್ಕೇ ಹೊರಿಸದೆ ಗಂಡಸರೂ ಹಂಚಿಕೊಳ್ಳೋಣ. ಆ ಹಿರಿಯರನ್ನೂ ಕರೆದೆವು. “ಕಾಲು ಸುಮಾರೈತಿ, ಆದರೂ ಬರತೀನಿ. ಈ ಸಲನಾದ್ರೂ ನನ್ನ ಹೆಸರು ಪಟ್ಟಿಯೊಳಗ ಬರಕೋ” ಎಂದಿದ್ದಾರೆ. ಬರೆದುಕೊಂಡಿದ್ದೇವೆ; ಮೊದಲನೆಯ ಹೆಸರು ಅವರದೇ.

ಮಗಳಿಗೂ ಉತ್ತರ ಹೇಳಿದ್ದಾಯಿತು. ಪಾತ್ರೆಯ ಬಿಸಿ, ಗಾಡಿಯ ಹಾರನ್, ಆಸ್ಪತ್ರೆಯ ಕ್ಷ-ಕಿರಣ ಎಲ್ಲವನ್ನೂ ಕನ್ನಡದಲ್ಲೇ ವಿವರಿಸಿದೆವು. ಅವಳು ಪೂರ್ತಿ ಕೇಳಿ, “ಹಾಗಾದರೆ ಅಪ್ಪಯ್ಯ, ಮೂರು ಕಿಟಕಿಯಲ್ಲೂ ಕಾಣದ್ದು ಇದ್ದರೆ?” ಎಂದಳು. ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆದರೆ ಈ ಸಲ ಅವಳು “ಇರಲಿ ಬಿಡಿ” ಎನ್ನಲಿಲ್ಲ. ನಮ್ಮ ಪಕ್ಕದಲ್ಲೇ ಕುಳಿತಳು. ಮುಂದಿನ ಸಂಜೆಯ ಪ್ರಶ್ನೆ ಅದೇ ಆಗಲೆಂದು ಸೂಚಿಸಿ ನಮ್ಮ ಮಾತನ್ನು ಮುಗಿಸುತ್ತೇವೆ.

ಜಯ ಕರ್ನಾಟಕ.